ಹಳೆಯ ಸ್ಟೇಷನ್ ವ್ಯಾಗನ್‌ಗೆ ವೀಲ್, ಟೈರ್ ಸೈಜ್ ಆರಿಸುವುದು ಹೇಗೆ: ತುಂಬಿದ ಗಾಡಿಯಿಂದ ಲೆಕ್ಕ ಶುರು ಮಾಡಿ

ಹೊಸ 16 ಇಂಚಿನ ವೀಲ್ ಹಾಕಿಸಿದ ಮೊದಲ ವಾರ ನನ್ನ ವ್ಯಾಗನ್ ನೋಡೋಕೆ ತುಂಬಾ ಚೆನ್ನಾಗಿತ್ತು. ಹಿಂದಿನ ಟೈರಿಗೂ ಮಡ್‌ಗಾರ್ಡ್ ಅಂಚಿಗೂ ನಡುವೆ ಮೂರು ಬೆರಳು ಜಾಗ ಇತ್ತು, ನಾನೇ ಬೆರಳಿಟ್ಟು ನೋಡಿದ್ದೆ. ಎರಡನೇ ವಾರ ಐದು ಜನ ಕೂತು, ಹಿಂದೆ ಗಾಜಿನವರೆಗೂ ಸಾಮಾನು ತುಂಬಿ ಹೊರಟೆವು. ಮೊದಲ ದೊಡ್ಡ ತಗ್ಗಿನಲ್ಲೇ ಹಿಂದಿನಿಂದ ಗರ್ ಅಂತ ಸದ್ದು ಬಂತು, ಜೊತೆಗೆ ರಬ್ಬರ್ ಸುಟ್ಟ ವಾಸನೆ. ಇಳಿದು ನೋಡಿದರೆ ಟೈರಿನ ಹೊರ ಅಂಚಿನಲ್ಲಿ ಸುತ್ತಲೂ ಒಂದು ಗೆರೆ, ಚಾಕುವಿನಲ್ಲಿ ಎಳೆದ ಹಾಗೆ. ಮಡ್‌ಗಾರ್ಡಿನ ಒಳಗೆ ಮಡಚಿದ ತಗಡಿನ ಅಂಚು ಟೈರನ್ನು ಕೊರೆದಿತ್ತು. ವೀಲ್ ಮಾರಿದವರು ಅದೇ ಮಾದರಿಯ ಸೆಡಾನ್‌ಗೆ ಕೂರುವ ಅಳತೆ ಹೇಳಿದ್ದರು. ನಾನು ಖಾಲಿ ಗಾಡಿ ನೋಡಿ ಒಪ್ಪಿಕೊಂಡಿದ್ದೆ.

ವ್ಯಾಗನ್ ಅಂದ್ರೆ ಡಿಕ್ಕಿ ಉದ್ದ ಇರುವ ಸೆಡಾನ್ ಅಂತ ಅಂದುಕೊಂಡರೆ ಹೀಗೇ ಆಗುತ್ತದೆ. ವ್ಯಾಗನ್ ಇರೋದೇ ಭಾರ ಹೊರೋಕೆ. ಭಾರ ಬಿದ್ದಾಗ ಹಿಂಭಾಗ ಕುಸಿಯುತ್ತದೆ, ಹಿಂದಿನ ಟೈರ್ ಮಡ್‌ಗಾರ್ಡಿನ ಒಳಗೆ ಹೋಗುತ್ತದೆ, ಅಲ್ಲಿ ಎಷ್ಟು ಜಾಗ ಇದೆ ಅನ್ನೋದು ಖಾಲಿ ನಿಂತ ಗಾಡಿ ನೋಡಿದರೆ ಗೊತ್ತಾಗೋದಿಲ್ಲ. ಅದಕ್ಕೇ ಇಲ್ಲಿ ಪ್ರತಿ ಲೆಕ್ಕವನ್ನೂ ತುಂಬಿದ ಗಾಡಿ ಇಟ್ಟುಕೊಂಡು ಮಾಡೋಣ. ನಿಮಗೆ ಬೇಕಾಗುವುದು ಇಷ್ಟೇ: ಟೇಪು, ಒಂದು ನೇರ ಪಟ್ಟಿ, ವರ್ನಿಯರ್ ಇದ್ದರೆ ಒಳ್ಳೆಯದು, ಜಾಕ್, ಎರಡು ಗಟ್ಟಿ ಸ್ಟ್ಯಾಂಡ್, ಒಂದು ನೋಟ್‌ಬುಕ್, ಮತ್ತೆ ಮಕ್ಕಳು ಆಡುವ ಮೆತ್ತನೆಯ ಕ್ಲೇ ಒಂದು ಮುಷ್ಟಿ. ಕ್ಲೇ ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಗಾಡಿಯ ಮೂಲ ಅಳತೆ ಹುಡುಕಿ

ಈಗ ಗಾಡಿಯಲ್ಲಿ ಇರುವ ಟೈರನ್ನು ನಂಬಬೇಡಿ. 40 ವರ್ಷದ ಗಾಡಿಗೆ ಮಧ್ಯೆ ಎಷ್ಟೋ ಮಾಲೀಕರು ಬಂದು ಹೋಗಿರುತ್ತಾರೆ, ಒಬ್ಬೊಬ್ಬರು ಒಂದೊಂದು ಸೈಜ್ ಹಾಕಿರುತ್ತಾರೆ. ಬಾಗಿಲ ಕಂಬದ ಮೇಲೆ, ಗ್ಲವ್ ಬಾಕ್ಸ್ ಮುಚ್ಚಳದ ಒಳಗೆ ಅಥವಾ ಪೆಟ್ರೋಲ್ ಮುಚ್ಚಳದ ಹಿಂದೆ ಕಂಪನಿಯ ಸ್ಟಿಕ್ಕರ್ ಇರಬಹುದು. ಇಲ್ಲದಿದ್ದರೆ ಮೂಲ ಕೈಪಿಡಿ ನೋಡಿ. ಕೈಪಿಡಿಯಲ್ಲಿ ವ್ಯಾಗನ್‌ಗೆ ಬೇರೆ ಸಾಲು ಇದೆಯಾ ಅಂತ ಹುಡುಕಿ. ಎಷ್ಟೋ ಮಾದರಿಗಳಲ್ಲಿ ಇರುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. 1980ರ ದಶಕದ ಷೆವ್ರೊಲೆ ಕ್ಯಾಪ್ರಿಸ್ ಸೆಡಾನ್‌ನಲ್ಲಿ ಐದು ಬೋಲ್ಟ್‌ಗಳು ಕೂರುವ ವೃತ್ತದ ವ್ಯಾಸ 4.75 ಇಂಚು, ಅಂದರೆ 120.65 ಮಿ.ಮೀ. ಅದೇ ಕ್ಯಾಪ್ರಿಸ್‌ನ ವ್ಯಾಗನ್‌ನಲ್ಲಿ ಅದು 5 ಇಂಚು, 127 ಮಿ.ಮೀ. ಹೆಸರು ಒಂದೇ, ಮುಖ ಒಂದೇ, ಆದರೆ ಸೆಡಾನ್‌ನ ವೀಲ್ ವ್ಯಾಗನ್‌ಗೆ ಕೂರುವುದೇ ಇಲ್ಲ. ಕೂತರೂ ಭಾರ ತಡೆಯುವ ಶಕ್ತಿ ಬೇರೆ ಇರಬಹುದು. ಅದಕ್ಕೇ 'ಈ ಮಾದರಿಗೆ ಕೂರುತ್ತೆ' ಅಂತ ಯಾರಾದರೂ ಅಂದರೆ, 'ವ್ಯಾಗನ್‌ಗಾ?' ಅಂತ ಇನ್ನೊಂದು ಸಲ ಕೇಳಿ.

ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕಾದ್ದು: ಮೂಲ ಟೈರ್ ಸೈಜ್, ಮೂಲ ರಿಮ್ಮಿನ ಅಗಲ ಮತ್ತು ಆಫ್‌ಸೆಟ್ (ಅದು ಏನು ಅಂತ ಮುಂದೆ ಹೇಳುತ್ತೇನೆ), ಹಿಂದಿನ ಆಕ್ಸಲ್ ಹೊರಬಹುದಾದ ಗರಿಷ್ಠ ಭಾರ, ಖಾಲಿಗೂ ತುಂಬಿದ್ದಕ್ಕೂ ಹೇಳಿರುವ ಗಾಳಿಯ ಒತ್ತಡ.

ಹಳೆಯ ನಂಬರ್ ಓದುವುದು

195/70 ಆರ್14 ಅಂತಿದ್ದರೆ ಸುಲಭ. ಟೈರಿನ ಅಗಲ 195 ಮಿ.ಮೀ., ಸೈಡ್‌ವಾಲ್ ಅಂದರೆ ಟೈರಿನ ಪಕ್ಕದ ಗೋಡೆಯ ಎತ್ತರ ಆ ಅಗಲದ ನೂರಕ್ಕೆ 70 ಭಾಗ, ಆರ್ ಅಂದರೆ ರೇಡಿಯಲ್ ರಚನೆ (ಒಳಗಿನ ದಾರಗಳು ಟೈರಿಗೆ ನೇರ ಅಡ್ಡಲಾಗಿ ಇರುವಂಥದು), ರಿಮ್ಮಿನ ವ್ಯಾಸ 14 ಇಂಚು.

ಇನ್ನೂ ಹಳೆಯ ಯುರೋಪಿನ ಗಾಡಿಗಳಲ್ಲಿ 165 ಎಸ್‌ಆರ್ 15 ಅಂತ ಇರುತ್ತದೆ. ಮಧ್ಯದ ಶೇಕಡಾ ಸಂಖ್ಯೆಯೇ ಇರುವುದಿಲ್ಲ. ಅಂಥ ಟೈರಿನ ಸೈಡ್‌ವಾಲ್ ಅಗಲದ ಸುಮಾರು ಶೇ. 82ರಷ್ಟು ಎತ್ತರ ಇರುತ್ತದೆ ಅಂತ ಹಿಡಿಯಿರಿ. ಇದು ಗೊತ್ತಿಲ್ಲದೆ 165/70 ಹಾಕಿದರೆ ಗಾಡಿ ಗಿಡ್ಡ ಆಗುತ್ತದೆ, ಸ್ಪೀಡೋಮೀಟರ್ ಜಾಸ್ತಿ ತೋರಿಸುತ್ತದೆ.

ಅಮೆರಿಕದ ದೊಡ್ಡ ವ್ಯಾಗನ್‌ಗಳಲ್ಲಿ ಮೊದಲು 7.75-14 ಥರದ ಇಂಚಿನ ಲೆಕ್ಕ ಇತ್ತು, 1960ರ ದಶಕದ ಕೊನೆಯಿಂದ ಎಚ್78-15 ಥರದ ಅಕ್ಷರದ ಲೆಕ್ಕ ಬಂತು. ಆ ಅಕ್ಷರ ಹೇಳುವುದು ಭಾರ ಹೊರುವ ಶಕ್ತಿಯನ್ನು. ಅಕ್ಷರ ಮುಂದಕ್ಕೆ ಹೋದಷ್ಟೂ ಜಾಸ್ತಿ ಭಾರ. ಇಂದಿನ ಲೆಕ್ಕದಲ್ಲಿ 7.75-14ಕ್ಕೆ 205/75 ಆರ್14, ಎಚ್78-15ಕ್ಕೆ 225/75 ಆರ್15, ಎಲ್78-15ಕ್ಕೆ 235/75 ಆರ್15 ಹತ್ತಿರ ಬರುತ್ತವೆ. ಹತ್ತಿರ ಅಷ್ಟೇ, ಅದೇ ಅಲ್ಲ. ಎತ್ತರ ಮತ್ತು ಭಾರ ಎರಡನ್ನೂ ಆಮೇಲೆ ತಾಳೆ ನೋಡಲೇಬೇಕು.

ಬಯಾಸ್ ಪ್ಲೈ ಟೈರಿನ, ಅಂದರೆ ಒಳಗಿನ ದಾರಗಳು ಓರೆಯಾಗಿ ಹೆಣೆದಿರುವ ಹಳೆಯ ಥರದ ಟೈರಿನ ಕಾಲದ ರಿಮ್ ಇದ್ದರೆ ಒಂದು ಎಚ್ಚರಿಕೆ. ರೇಡಿಯಲ್ ಟೈರ್ ತಿರುವಿನಲ್ಲಿ ರಿಮ್ಮಿನ ಮೇಲೆ ಬೇರೆ ರೀತಿಯ ಎಳೆತ ಹಾಕುತ್ತದೆ, ಹಳೆಯ ಉಕ್ಕಿನ ರಿಮ್ ನಟ್ ತೂತಿನ ಸುತ್ತ ಅಥವಾ ನಡುವಿನ ಬೆಸುಗೆಯ ಹತ್ತಿರ ಬಿರುಕು ಬಿಡಬಹುದು. ಪೇಂಟ್ ಕೆರೆದು, ಬೆಳಕಿನಲ್ಲಿ ತಿರುಗಿಸಿ ನೋಡಿ. ಕೂದಲೆಳೆಯಷ್ಟು ಬಿರುಕು ಕಂಡರೂ ಆ ರಿಮ್ ಮತ್ತೆ ರಸ್ತೆಗೆ ಇಳಿಯಬಾರದು. ಟೈರ್ ಜಾರದಂತೆ ತಡೆಯುವ ಸಣ್ಣ ಉಬ್ಬು ರಿಮ್ಮಿನ ಒಳಗಂಚಿನಲ್ಲಿ ಇಲ್ಲದಿದ್ದರೆ ಟ್ಯೂಬ್‌ಲೆಸ್ ಹಾಕಬೇಡಿ. ಇನ್ನು ರೇಡಿಯಲ್ ಮತ್ತು ಬಯಾಸ್ ಪ್ಲೈ ಎರಡನ್ನೂ ಒಂದೇ ಆಕ್ಸಲ್‌ಗೆ ಯಾವತ್ತೂ ಬೆರೆಸಬೇಡಿ.

ಭಾರದ ಲೆಕ್ಕ, ಎಲ್ಲಕ್ಕಿಂತ ಮೊದಲು

ಹೆಚ್ಚಿನವರು ಚಂದದಿಂದ ಶುರು ಮಾಡುತ್ತಾರೆ, ನಾನೂ ಹಾಗೇ ಮಾಡಿದ್ದೆ. ಈಗ ಮೊದಲು ಈ ಲೆಕ್ಕ ಮಾಡುತ್ತೇನೆ.

ಹಿಂದಿನ ಆಕ್ಸಲ್‌ನ ಗರಿಷ್ಠ ಭಾರವನ್ನು ಎರಡರಿಂದ ಭಾಗಿಸಿ. ಆಕ್ಸಲ್‌ಗೆ 1,180 ಕೆ.ಜಿ. ಅಂತಿದ್ದರೆ ಒಂದು ಟೈರಿಗೆ 590 ಕೆ.ಜಿ. ಟೈರಿನ ಪಕ್ಕದಲ್ಲಿ ಸೈಜ್ ಆದ ಮೇಲೆ 91ಟಿ, 88ಎಚ್ ಅಂತ ಇರುತ್ತದಲ್ಲ, ಅದರಲ್ಲಿ ಸಂಖ್ಯೆ ಭಾರದ್ದು, ಅಕ್ಷರ ವೇಗದ್ದು. 87 ಅಂದರೆ 545 ಕೆ.ಜಿ., 88 ಅಂದರೆ 560, 90 ಅಂದರೆ 600, 91 ಅಂದರೆ 615, 94 ಅಂದರೆ 670, 97 ಅಂದರೆ 730, 102 ಅಂದರೆ 850. ಟಿ ಅಂದರೆ ಗಂಟೆಗೆ 190 ಕಿ.ಮೀ., ಎಚ್ ಅಂದರೆ 210. ನಮ್ಮ ಉದಾಹರಣೆಯ ಗಾಡಿಗೆ 90 ಕನಿಷ್ಠ ಮಿತಿ, ಅದಕ್ಕಿಂತ ಕೆಳಗೆ ಹೋಗುವ ಹಾಗಿಲ್ಲ. ಎರಡು ಮೂರು ಮೆಟ್ಟಿಲು ಮೇಲೆ ಇದ್ದರೆ ನೆಮ್ಮದಿ.

ಇಲ್ಲೇ ಜನ ಎಡವೋದು. 205/50 ಆರ್16 ಟೈರ್ 195/70 ಆರ್14ಕ್ಕಿಂತ ಅಗಲ ಇದೆ, ದೊಡ್ಡದಾಗಿ ಕಾಣುತ್ತದೆ, ಹಾಗಾಗಿ ಜಾಸ್ತಿ ಭಾರ ಹೊರುತ್ತದೆ ಅಂತ ಅನ್ನಿಸುತ್ತದೆ. ಆದರೆ ಅದರ ಸಾಮಾನ್ಯ ಸಂಖ್ಯೆ 87. ಹಳೆಯ ಸಣ್ಣ ಟೈರಿನದು 91. ಭಾರ ಹೊರುವುದು ಟೈರಿನ ಒಳಗಿರುವ ಗಾಳಿ. ಸೈಡ್‌ವಾಲ್ ಕಡಿಮೆ ಆದಂತೆ ಗಾಳಿಗೆ ಜಾಗ ಕಡಿಮೆ ಆಗುತ್ತದೆ. ಸೆಡಾನ್‌ನವರು ಸುಮ್ನೆ ಹಾಕಿಕೊಂಡು ಓಡಾಡುವ ಸೈಜ್ ವ್ಯಾಗನ್‌ಗೆ ಸಾಲದೇ ಹೋಗುವುದು ಹೀಗೆ.

ಟೈರಿನ ಮೇಲೆ ಎಕ್ಸ್‌ಎಲ್ ಅಂತಿದ್ದರೆ ಅದು ಜಾಸ್ತಿ ಭಾರಕ್ಕೆ ಮಾಡಿದ ಟೈರ್. ಒಳ್ಳೆಯದೇ, ಆದರೆ ಆ ಜಾಸ್ತಿ ಭಾರ ಹೊರಬೇಕಾದರೆ ಗಾಳಿಯೂ ಜಾಸ್ತಿ ಬೇಕು. ಹಳೆಯ ಒತ್ತಡವನ್ನೇ ಇಟ್ಟುಕೊಂಡು ಎಕ್ಸ್‌ಎಲ್ ಹಾಕಿದರೆ ಲಾಭ ಇಲ್ಲ. ಇನ್ನು ರಿಮ್ಮಿಗೂ ಭಾರದ ಮಿತಿ ಇದೆ. ಅಲಾಯ್ ವೀಲಿನ ಹಿಂಭಾಗದಲ್ಲಿ ಆ ಸಂಖ್ಯೆ ಹೆಚ್ಚಾಗಿ ಎರಕದಲ್ಲೇ ಮೂಡಿರುತ್ತದೆ. ಅದೂ 590 ದಾಟಿರಬೇಕು. ಸಣ್ಣ ಕಾರಿಗೆ ಮಾಡಿದ ಅಲಾಯ್ ವ್ಯಾಗನ್‌ಗೆ ಬೋಲ್ಟ್ ಆಗಬಹುದು, ಅಷ್ಟಕ್ಕೇ ಅದು ಆ ಭಾರ ತಡೆಯುತ್ತೆ ಅಂತೇನಿಲ್ಲ.

ಎತ್ತರ ತಾಳೆ ಮಾಡುವುದು

ಅಗಲವನ್ನು ಶೇಕಡಾದಿಂದ ಗುಣಿಸಿ, ಎರಡರಷ್ಟು ಮಾಡಿ, ರಿಮ್ಮಿನ ಇಂಚನ್ನು 25.4ರಿಂದ ಗುಣಿಸಿ ಸೇರಿಸಿ. 195/70 ಆರ್14ಕ್ಕೆ ಸೈಡ್‌ವಾಲ್ 136.5, ಎರಡು ಕಡೆ ಸೇರಿ 273, ರಿಮ್ 355.6. ಒಟ್ಟು 628.6 ಮಿ.ಮೀ.

ಈಗ ಹೋಲಿಸಿ. 205/60 ಆರ್15 ಅಂದರೆ 627. 205/55 ಆರ್16 ಅಂದರೆ ಸುಮಾರು 632. ಎರಡೂ ಹಳೆಯದಕ್ಕೆ ತೀರಾ ಹತ್ತಿರ, ಎರಡರ ಸಾಮಾನ್ಯ ಭಾರದ ಸಂಖ್ಯೆಯೂ 91. ಅದೇ 205/50 ಆರ್16 ತಗೊಂಡರೆ 611, ಅಂದರೆ ಶೇ. 2.7 ಕಡಿಮೆ. ಮೂಲ ಎತ್ತರದಿಂದ ಶೇ. 3ರ ಒಳಗೆ ಇರಿ, ಸಾಧ್ಯವಾದರೆ ಶೇ. 1ರ ಒಳಗೆ. ಎತ್ತರದ ಟೈರ್ ಹಾಕಿದರೆ ಸ್ಪೀಡೋಮೀಟರ್ ಕಡಿಮೆ ತೋರಿಸುತ್ತದೆ. ಶೇ. 3 ಎತ್ತರ ಆದರೆ ಮುಳ್ಳು 100ರಲ್ಲಿ ಇದ್ದಾಗ ನೀವು 103ರಲ್ಲಿ ಹೋಗುತ್ತಿರುತ್ತೀರಿ. ಭಾರ ತುಂಬಿ ಏರು ಹತ್ತುವಾಗ ಹಳೆಯ ಇಂಜಿನ್‌ಗೆ ಕಷ್ಟವೂ ಆಗುತ್ತದೆ.

ದೊಡ್ಡ ಅಮೆರಿಕನ್ ವ್ಯಾಗನ್‌ಗಳ 225/75 ಆರ್15 ಸುಮಾರು 718 ಮಿ.ಮೀ. ಎತ್ತರ. 235/55 ಆರ್18 ಹಾಕಿದರೆ 716 ಬರುತ್ತದೆ, ಲೆಕ್ಕ ಚೆನ್ನಾಗಿ ಕೂರುತ್ತದೆ. ಆದರೂ ನನ್ನ ಮಾತು ಕೇಳುವುದಾದರೆ ಅಂಥ ಗಾಡಿಗೆ 15 ಬಿಟ್ಟು ಮೇಲೆ ಹೋಗಬೇಡಿ, ಹೋದರೂ 16ಕ್ಕೆ ನಿಲ್ಲಿಸಿ. ಆ ಗಾಡಿಯ ತೇಲುವ ಓಟದಲ್ಲಿ ಅರ್ಧ ಪಾಲು ಆ ದಪ್ಪ ಸೈಡ್‌ವಾಲಿನದು. ಅದನ್ನು ತೆಗೆದರೆ ಬುಶ್, ಬಾಲ್ ಜಾಯಿಂಟ್, ಬಾಡಿಯ ಜೋಡಣೆ ಎಲ್ಲದಕ್ಕೂ ಪೆಟ್ಟು ನೇರ ಹೋಗುತ್ತದೆ. ಹಳೆಯ ವ್ಯಾಗನ್‌ನ ಹಿಂಬಾಗಿಲು ಗಡಗಡ ಅನ್ನೋದು ಕೇಳಿದವರಿಗೆ ಇದು ಅರ್ಥ ಆಗುತ್ತದೆ. ಸಾಧಾರಣ ಗಾತ್ರದ ವ್ಯಾಗನ್‌ಗಳಲ್ಲಿ ಒಂದು ಇಂಚು ಏರಿಸಿ, ಸೈಡ್‌ವಾಲಿನ ಶೇಕಡಾ ಸಂಖ್ಯೆ 60 ಇಟ್ಟುಕೊಳ್ಳಿ. 55ಕ್ಕಿಂತ ಕೆಳಗೆ ಇಳಿಯೋಕೆ ನನಗಂತೂ ಮನಸ್ಸಿಲ್ಲ.

ಬೋಲ್ಟ್, ಹಬ್, ನಟ್

ನಾಲ್ಕು ಬೋಲ್ಟ್ ಇದ್ದರೆ ಎದುರು ಬದುರಿನ ಎರಡರ ಮಧ್ಯದ ದೂರವೇ ಪಿಸಿಡಿ, ಅಂದರೆ ಮೇಲೆ ಹೇಳಿದ ಬೋಲ್ಟ್‌ಗಳ ವೃತ್ತದ ವ್ಯಾಸ. ಐದು ಇದ್ದರೆ ಪಕ್ಕ ಪಕ್ಕದ ಎರಡು ಸ್ಟಡ್ (ನಟ್ ಹಾಕಲು ಹೊರಗೆ ಚಾಚಿರುವ ಬೋಲ್ಟ್) ತಗೊಳ್ಳಿ. ಮಧ್ಯದಿಂದ ಮಧ್ಯಕ್ಕೆ ಅಳೆಯೋದು ಕಷ್ಟ, ಹಾಗಾಗಿ ಒಂದರ ಎಡ ಅಂಚಿನಿಂದ ಇನ್ನೊಂದರ ಎಡ ಅಂಚಿಗೆ ಅಳೆಯಿರಿ, ಉತ್ತರ ಅದೇ. ಅದನ್ನು 1.701ರಿಂದ ಗುಣಿಸಿ. 63.5 ಬಂದರೆ ಪಿಸಿಡಿ 108, 65.8 ಬಂದರೆ 112, 67.2 ಬಂದರೆ 114.3, 74.6 ಬಂದರೆ 127. ನೋಡಿ, 112ಕ್ಕೂ 114.3ಕ್ಕೂ ಇಲ್ಲಿ ವ್ಯತ್ಯಾಸ 1.4 ಮಿ.ಮೀ. ಮಾತ್ರ. ಟೇಪಿನಲ್ಲಿ ಅಳೆದರೆ ತಪ್ಪುತ್ತದೆ. ವರ್ನಿಯರ್ ಬೇಕು ಅಂದಿದ್ದು ಇದಕ್ಕೇ. ಬಲ ಹಾಕಿ ನಟ್ ತಿರುಗಿಸಿದರೆ 114.3ರ ವೀಲ್ 112ರ ಹಬ್‌ಗೆ, ಅಂದರೆ ವೀಲ್ ಬಂದು ಕೂರುವ ಗಾಡಿಯ ಭಾಗಕ್ಕೆ, ಕೂತ ಹಾಗೆ ಕಾಣಬಹುದು. ಆದರೆ ಸ್ಟಡ್ ಬಾಗಿರುತ್ತದೆ, ನಟ್ ಸರಿಯಾಗಿ ಕೂತಿರುವುದಿಲ್ಲ, ಓಡುತ್ತಾ ಸಡಿಲ ಆಗುತ್ತದೆ. ಅದು ಪ್ರಾಣಕ್ಕೆ ಅಪಾಯ.

ಪಿಸಿಡಿ ಸರಿ ಇದ್ದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಹಳೆಯ ಮರ್ಸಿಡಿಸ್ ವ್ಯಾಗನ್‌ಗೂ ಆ ಕಾಲದ ಕೆಲವು ಆಡಿಗಳಿಗೂ 5 ಬೋಲ್ಟ್, 112 ಮಿ.ಮೀ. ಇರುತ್ತದೆ. ಆದರೆ ಮರ್ಸಿಡಿಸ್‌ನ ಹಬ್ ಮಧ್ಯದ ಉಬ್ಬು 66.6 ಮಿ.ಮೀ., ಆಡಿ ವೀಲಿನ ತೂತು 57.1. ಒಳಗೆ ಹೋಗುವುದೇ ಇಲ್ಲ. ತಿರುಗಾಮುರುಗಾ ಆದರೆ, ಅಂದರೆ ವೀಲಿನ ತೂತು ದೊಡ್ಡದಿದ್ದರೆ, ನಡುವೆ ಉಂಗುರ ಹಾಕಿ ಸರಿ ಮಾಡಬಹುದು. ಉಂಗುರ ಇಲ್ಲದೆ ಓಡಿಸಿದರೆ ಸ್ಟೀರಿಂಗ್ ನಡುಗಬಹುದು.

ನಟ್ ಕೂರುವ ಜಾಗದ ಆಕಾರ ನೋಡಿ. ಕೆಲವು ಕೋನ್, ಕೆಲವು ಚೆಂಡಿನಂತೆ ದುಂಡಗೆ, ಕೆಲವು ಚಪ್ಪಟೆ ವಾಷರ್ ಇರುವಂಥವು. ಹಳೆಯ ಮರ್ಸಿಡಿಸ್‌ನದು ದುಂಡಗಿನದು. ದುಂಡು ಗುಳಿಗೆ ಕೋನ್ ಬೋಲ್ಟ್ ಹಾಕಿದರೆ ಒಂದು ಸಣ್ಣ ಗೆರೆಯಷ್ಟು ಮಾತ್ರ ಅಂಟಿಕೊಳ್ಳುತ್ತದೆ. ಉಕ್ಕಿನ ರಿಮ್‌ನಿಂದ ದಪ್ಪ ಅಲಾಯ್‌ಗೆ ಹೋದರೆ ಬೋಲ್ಟ್ ಉದ್ದವೂ ಸಾಲುವುದಿಲ್ಲ. ಬೋಲ್ಟಿನ ದಪ್ಪ ಎಷ್ಟೋ ಅಷ್ಟಾದರೂ ಒಳಗೆ ಹಿಡಿದಿರಬೇಕು. ಎಂ12×1.5 ಬೋಲ್ಟ್ (12 ಮಿ.ಮೀ. ದಪ್ಪ, ಸುತ್ತಿಗೆ 1.5 ಮಿ.ಮೀ. ಮುಂದೆ ಹೋಗುವಂಥದು) ಆದರೆ ಕೈಯಲ್ಲಿ ತಿರುಗಿಸಿದಾಗ ಪೂರ್ತಿ 8 ಸುತ್ತು, ಅರ್ಧ ಇಂಚು ದಪ್ಪದ, ಇಂಚಿಗೆ 20 ತ್ರೆಡ್ ಇರುವ ಸ್ಟಡ್ ಆದರೆ 10 ಸುತ್ತು. ಎಣಿಸಿ ನೋಡಿ.

1970ರವರೆಗಿನ ಹಲವು ಕ್ರೈಸ್ಲರ್ ಗಾಡಿಗಳಲ್ಲಿ ಎಡಗಡೆಯ ಚಕ್ರಗಳ ನಟ್ ಉಲ್ಟಾ ತ್ರೆಡ್. ಬಿಚ್ಚೋಕೆ ಹೋಗಿ ಇನ್ನೂ ಬಿಗಿ ಮಾಡಿ ಸ್ಟಡ್ ಮುರಿದವರು ಎಷ್ಟೋ ಜನ. ಸ್ಟಡ್ಡಿನ ತುದಿಯಲ್ಲಿ ಎಲ್ ಅಕ್ಷರ ಇದೆಯಾ ಅಂತ ಮೊದಲು ನೋಡಿ.

ಅಗಲ ಮತ್ತು ಆಫ್‌ಸೆಟ್

ನನ್ನ ಟೈರ್ ಕೊರೆದಿದ್ದು ಇಲ್ಲಿನ ತಪ್ಪಿನಿಂದ. ಸ್ವಲ್ಪ ನಿಧಾನವಾಗಿ ಓದಿ.

ರಿಮ್ಮಿನ ಅಗಲದ ಸರಿಯಾದ ಮಧ್ಯದಲ್ಲಿ ಒಂದು ಗೆರೆ ಎಳೆದಿದ್ದೀರಿ ಅಂದುಕೊಳ್ಳಿ. ಹಬ್‌ಗೆ ಅಂಟುವ ಮುಖ ಆ ಗೆರೆಯ ಮೇಲೇ ಇದ್ದರೆ ಆಫ್‌ಸೆಟ್ ಸೊನ್ನೆ. ಆ ಮುಖ ಹೊರಗಡೆಗೆ, ರಸ್ತೆಯವರಿಗೆ ಕಾಣುವ ಕಡೆಗೆ ಇದ್ದರೆ ಅದು ಪ್ಲಸ್, ಇಟಿ30 ಅಂದರೆ 30 ಮಿ.ಮೀ. ಹೊರಗೆ. ಪ್ಲಸ್ ಜಾಸ್ತಿ ಆದಷ್ಟೂ ಚಕ್ರ ಗಾಡಿಯ ಒಳಗೆ ಹೋಗುತ್ತದೆ. ಕಡಿಮೆ ಆದಷ್ಟೂ ಹೊರಗೆ ಬರುತ್ತದೆ. ಮೊದಮೊದಲು ಇದು ಉಲ್ಟಾ ಅನ್ನಿಸುತ್ತದೆ. ಒಂದು ಬಟ್ಟಲನ್ನು ಗೋಡೆಗೆ ಹಿಡಿದು ನೋಡಿ, ಆಮೇಲೆ ತಿರುಗಿಸಿ ಹಿಡಿದು ನೋಡಿ. ಅರ್ಥ ಆಗುತ್ತದೆ.

ಅಮೆರಿಕದ ವೀಲ್‌ಗಳಿಗೆ ಬ್ಯಾಕ್‌ಸ್ಪೇಸ್ ಅಂತ ಹೇಳುತ್ತಾರೆ. ವೀಲನ್ನು ಮುಖ ಕೆಳಗಾಗಿ ಮಲಗಿಸಿ, ಹಿಂದಿನ ಅಂಚಿನ ಮೇಲೆ ನೇರ ಪಟ್ಟಿ ಇಟ್ಟು, ಪಟ್ಟಿಯಿಂದ ಹಬ್ ಮುಖದವರೆಗೆ ಇಳಿಬಿಟ್ಟು ಅಳೆದರೆ ಬರುವುದೇ ಅದು. 7 ಇಂಚಿನ ರಿಮ್ ಅಂದರೆ ಟೈರ್ ಕೂರುವ ಜಾಗ 7 ಇಂಚು, ಹೊರ ಅಂಚುಗಳೂ ಸೇರಿದರೆ ಸುಮಾರು 8. ಹಾಗಾಗಿ ಸೊನ್ನೆ ಆಫ್‌ಸೆಟ್‌ನ 7 ಇಂಚಿನ ವೀಲಿಗೆ ಬ್ಯಾಕ್‌ಸ್ಪೇಸ್ 4 ಇಂಚು ಬರುತ್ತದೆ.

ಈಗ ನನ್ನ ಗಾಡಿಯ ಲೆಕ್ಕ. ಮೂಲ ರಿಮ್ 6ಜೆ (ಅಂದರೆ 6 ಇಂಚು ಅಗಲ), ಇಟಿ30, ಮೇಲೆ 195ರ ಟೈರ್. ಟೈರಿನ ಅರ್ಧ ಅಗಲ 97.5. ಹಬ್ ಮುಖದಿಂದ ಒಳಗೆ 97.5 + 30, ಅಂದರೆ 127.5 ಮಿ.ಮೀ. ಹೊರಗೆ 97.5 − 30, ಅಂದರೆ 67.5. ನಾನು ಕೊಂಡಿದ್ದು 7ಜೆ, ಇಟಿ20, ಮೇಲೆ 205ರ ಟೈರ್. 205/55 ಟೈರಿನ ಅಗಲವನ್ನು 6.5 ಇಂಚಿನ ರಿಮ್ಮಿನ ಮೇಲೆ ಅಳೆದಿರುತ್ತಾರೆ. ರಿಮ್ ಅರ್ಧ ಇಂಚು ಹೆಚ್ಚಿದರೆ ಟೈರ್ ಸುಮಾರು 5 ಮಿ.ಮೀ. ಹರಡುತ್ತದೆ. ಹಾಗಾಗಿ ನಿಜವಾದ ಅಗಲ 210, ಅರ್ಧ 105. ಒಳಗೆ 125, ಹೊರಗೆ 85. ಒಳಗೆ ಹಳೆಯದಕ್ಕಿಂತ 2.5 ಮಿ.ಮೀ. ಕಡಿಮೆಯೇ ಆಯಿತು, ಆದರೆ ಹೊರಗೆ 17.5 ಮಿ.ಮೀ. ಜಾಸ್ತಿ. ಮಡ್‌ಗಾರ್ಡಿನ ಮಡಿಕೆಗೆ ತಾಗಿದ್ದು ಆ 17.5.

ಅದೇ 7ಜೆ ರಿಮ್ ಇಟಿ35ರಲ್ಲಿ ತಗೊಂಡಿದ್ದರೆ ಒಳಗೆ 140, ಹೊರಗೆ 70. ಹೊರಗೆ ಬರೀ 2.5 ಹೆಚ್ಚು, ಒಳಗೆ 12.5 ಹೆಚ್ಚು. ನನ್ನ ಗಾಡಿಯ ಒಳಗಡೆ ಲೀಫ್ ಸ್ಪ್ರಿಂಗ್‌ವರೆಗೆ ಸಾಕಷ್ಟು ಜಾಗ ಇತ್ತು. ಕೊನೆಗೆ ಅದನ್ನೇ ಹಾಕಿದೆ. ಮೂರು ವರ್ಷದಿಂದ ಒಂದು ಗೀರೂ ಬಿದ್ದಿಲ್ಲ.

ಪಿಸಿಡಿ ಒಂದೇ ಅಂತ ಮೋಸ ಹೋಗಬೇಡಿ ಅನ್ನೋದಕ್ಕೆ ವೋಲ್ವೋ ಒಳ್ಳೆಯ ಉದಾಹರಣೆ. 240 ವ್ಯಾಗನ್‌ನಲ್ಲೂ 1990ರ ದಶಕದ 850 ವ್ಯಾಗನ್‌ನಲ್ಲೂ 5 ಬೋಲ್ಟ್, 108 ಮಿ.ಮೀ. ಆದರೆ 240ರ ವೀಲಿನ ಆಫ್‌ಸೆಟ್ 20ರ ಆಸುಪಾಸು, ಮುಂದಿನ ಚಕ್ರ ಎಳೆಯುವ 850ರದು 43ರ ಆಸುಪಾಸು. 6ಜೆ ಇಟಿ20 ಬದಲು 6.5ಜೆ ಇಟಿ43 ಹಾಕಿದರೆ ರಿಮ್ಮಿನ ಒಳ ಅಂಚು ಸುಮಾರು 29 ಮಿ.ಮೀ. ಒಳಗೆ ಹೋಗುತ್ತದೆ. ಅಷ್ಟು ಜಾಗ ಅಲ್ಲಿಲ್ಲ. ಹಬ್‌ಗೂ ವೀಲಿಗೂ ನಡುವೆ ಸ್ಪೇಸರ್ ಅನ್ನೋ ಬಿಲ್ಲೆ ಹಾಕಿ ಹೊರಗೆ ತರುವವರಿದ್ದಾರೆ. ಹಾಕುವುದೇ ಆದರೆ ಹಬ್ ಮೇಲೆ ಸರಿಯಾಗಿ ಕೂರುವ, ತನ್ನದೇ ಸ್ಟಡ್ ಇರುವ ಒಳ್ಳೆಯದನ್ನು ಹಾಕಿ. ತೆಳ್ಳನೆಯ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಬೇಡಿ.

ಟೈರಿಗೆ ಒಪ್ಪುವ ರಿಮ್ ಅಗಲದ ಮಿತಿಯೂ ಇದೆ. 205/55 ಆರ್16ಕ್ಕೆ 5.5ರಿಂದ 7.5 ಇಂಚು. ಮಿತಿಯ ಮಧ್ಯದಲ್ಲಿ ಇರಿ. ಅಗಲ ರಿಮ್ಮಿಗೆ ಟೈರ್ ಎಳೆದು ಕೂರಿಸುವ ಫ್ಯಾಷನ್ ಭಾರ ಹೊರುವ ಗಾಡಿಗೆ ಬೇಡವೇ ಬೇಡ.

ಸಾಮಾನು ತುಂಬಿ ಅಳೆಯಿರಿ

ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ. ಖಾಲಿ ಇದ್ದಾಗ ಹಿಂದಿನ ಹಬ್ ಮಧ್ಯದಿಂದ ನೇರ ಮೇಲಕ್ಕೆ ಮಡ್‌ಗಾರ್ಡ್ ಅಂಚಿನವರೆಗೆ ಅಳೆದು ಬರೆಯಿರಿ. ಆಮೇಲೆ ನಿಜವಾಗಿ ತುಂಬಿ. ಜನರನ್ನು ಕೂರಿಸಿ, ಹಿಂದೆ ಮರಳಿನ ಚೀಲ ಇಡಿ, ಕೈಪಿಡಿಯ ಮಿತಿ ದಾಟಬೇಡಿ. ಮತ್ತೆ ಅಳೆಯಿರಿ. ನನ್ನದರಲ್ಲಿ ಖಾಲಿ ಇದ್ದಾಗ 362 ಮಿ.ಮೀ., ತುಂಬಿದಾಗ 298. ಟೈರಿನ ಅರ್ಧ ಎತ್ತರ 316. ಅಂದರೆ ಗಾಡಿ ನಿಂತಲ್ಲೇ ಟೈರಿನ ತಲೆ ಅಂಚಿಗಿಂತ 18 ಮಿ.ಮೀ. ಮೇಲೆ, ಮಡ್‌ಗಾರ್ಡಿನ ಒಳಗೆ ಹೋಗಿರುತ್ತದೆ. ಇನ್ನು ತಗ್ಗಿಗೆ ಇಳಿದರೆ ಹೇಳೋದೇ ಬೇಡ. ನಾನು ಮೊದಲು ನೋಡಿದ ಆ ಮೂರು ಬೆರಳಿನ ಜಾಗಕ್ಕೆ ಅರ್ಥವೇ ಇರಲಿಲ್ಲ.

ಹಾಗಾದರೆ ನೋಡಬೇಕಾದ್ದು ಮೇಲಿನ ಜಾಗ ಅಲ್ಲ, ಪಕ್ಕದ ಜಾಗ. ಈಗ ಇರುವ ಟೈರಿನ ಹೊರ ಮೈಯಿಂದ ಮಡ್‌ಗಾರ್ಡಿನ ಒಳ ಮಡಿಕೆಗೆ ಎಷ್ಟು, ಒಳ ಮೈಯಿಂದ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ಬ್ರೇಕ್ ಪೈಪು, ಎಕ್ಸಾಸ್ಟ್‌ಗೆ ಎಷ್ಟು ಅಂತ ಎರಡೂ ಕಡೆ ಅಳೆಯಿರಿ. ಎರಡೂ ಕಡೆ ಅಂದಿದ್ದು ಸುಮ್ನೆ ಅಲ್ಲ. ಹಳೆಯ ಗಾಡಿಯಲ್ಲಿ ಆಕ್ಸಲ್ ಒಂದು ಕಡೆಗೆ 5 ಮಿ.ಮೀ. ಸರಿದಿರುವುದು ಮಾಮೂಲು. ಕಡಿಮೆ ಬಂದ ಕಡೆಯ ಅಳತೆಯನ್ನೇ ಲೆಕ್ಕಕ್ಕೆ ತಗೊಳ್ಳಿ.

ಗಟ್ಟಿ ಆಕ್ಸಲ್ ಇರುವ ಗಾಡಿಯಲ್ಲಿ ತಿರುವಿನಲ್ಲಿ ಇಡೀ ಆಕ್ಸಲ್ ಅಡ್ಡ ಸರಿಯುತ್ತದೆ. ಆಕ್ಸಲನ್ನು ಅಡ್ಡಲಾಗಿ ಬಾಡಿಗೆ ಹಿಡಿದಿಡುವ ಪ್ಯಾನ್‌ಹಾರ್ಡ್ ರಾಡ್ ಇದ್ದರೆ ಮೇಲೆ ಕೆಳಗೆ ಆಗುವಾಗ ಕಮಾನಿನಂತೆ ಸರಿಯುತ್ತದೆ, ಲೀಫ್ ಇದ್ದರೆ ಬುಶ್ ಸವೆದಷ್ಟೂ ಜಾಸ್ತಿ ಸರಿಯುತ್ತದೆ. ಹೊಸ ಟೈರ್ ಕೂತ ಮೇಲೂ ಒಳಗೆ ಹೊರಗೆ ಎರಡೂ ಕಡೆ 15ರಿಂದ 20 ಮಿ.ಮೀ. ಉಳಿಯಲಿ ಅನ್ನೋದು ನಾನು ಇಟ್ಟುಕೊಂಡ ಮಿತಿ. ಬುಶ್ ಹೋಗಿದ್ದರೆ ಮೊದಲು ಅದನ್ನು ಬದಲಿಸಿ, ಸ್ಪ್ರಿಂಗ್ ಕುಸಿದಿದ್ದರೆ ಅದನ್ನು ಸರಿ ಮಾಡಿ, ಆಮೇಲೆ ಅಳೆಯಿರಿ.

ಈಗ ಆ ಕ್ಲೇ. ಮಡ್‌ಗಾರ್ಡಿನ ಒಳ ಮಡಿಕೆಯ ಮೇಲೆ ಮೂರು ಕಡೆ, ಒಳಗೆ ಸ್ಪ್ರಿಂಗ್ ಪಕ್ಕ ಎರಡು ಕಡೆ ಅಡಿಕೆ ಗಾತ್ರದ ಉಂಡೆ ಅಂಟಿಸಿ. ಎರವಲು ಸಿಕ್ಕ ವೀಲ್ ಇದ್ದರೆ ಅದನ್ನು ಹಾಕಿ, ತುಂಬಿದ ಗಾಡಿಯನ್ನು ಖಾಲಿ ಜಾಗದಲ್ಲಿ ನಿಧಾನವಾಗಿ ಎಂಟರ ಆಕಾರದಲ್ಲಿ ಓಡಿಸಿ, ಒಂದು ಉಬ್ಬಿನ ಮೇಲೆ ಓರೆಯಾಗಿ ಹತ್ತಿಸಿ. ವಾಪಸ್ ಬಂದು ಉಂಡೆ ನೋಡಿ. ಟೈರ್ ತಾಗಿದ್ದರೆ ಚಪ್ಪಟೆ ಆಗಿರುತ್ತದೆ. ಉಳಿದ ದಪ್ಪವೇ ನಿಮಗೆ ಇರುವ ಜಾಗ. ಯಾವ ಲೆಕ್ಕಕ್ಕಿಂತಲೂ ನಾನು ಇದನ್ನೇ ಹೆಚ್ಚು ನಂಬುತ್ತೇನೆ.

ಮಡಿಕೆಯನ್ನು ಬಡಿದು ಒಳಗೆ ಮಡಚಿದರೆ ಆಯ್ತಲ್ವಾ ಅಂತ ಕೇಳಬಹುದು. ಹಳೆಯ ತಗಡಿನಲ್ಲಿ ಆ ಮಡಿಕೆಯ ಒಳಗೇ ತುಕ್ಕು ಶುರುವಾಗೋದು. ಬಡಿದರೆ ಪೇಂಟ್ ಸೀಳುತ್ತದೆ, ನೀರು ಒಳಗೆ ಹೋಗುತ್ತದೆ. ಸರಿಯಾದ ಆಫ್‌ಸೆಟ್ ಸಿಗುತ್ತದೆ ಅಂದ ಮೇಲೆ ಗಾಡಿಗೆ ಯಾಕೆ ಆ ಗಾಯ?

ಮುಂದಿನ ಚಕ್ರ

ಇಲ್ಲಿ ಭಾರಕ್ಕಿಂತ ತಿರುಗುವುದು ಮುಖ್ಯ. ಸ್ಟೀರಿಂಗ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಚಾಸಿ, ಬ್ರೇಕ್ ಹೋಸ್, ಆಂಟಿ ರೋಲ್ ಬಾರ್, ಮಡ್‌ಗಾರ್ಡಿನ ಹಿಂದಿನ ಮೂಲೆ ಇವುಗಳಿಗೆ ಎಷ್ಟು ದೂರ ಅಂತ ನೋಡಿ. ಬ್ರೇಕ್ ಕ್ಯಾಲಿಪರ್‌ಗೂ ರಿಮ್ಮಿನ ಒಳಮೈಗೂ ಕನಿಷ್ಠ 3 ಮಿ.ಮೀ. ಬಿಡಿ. ವ್ಯಾಗನ್‌ಗೆ ದೊಡ್ಡ ಬ್ರೇಕ್ ಹಾಕಿಸುವ ಯೋಚನೆ ಇದ್ದರೆ ಮೊದಲು ಬ್ರೇಕ್, ಆಮೇಲೆ ವೀಲ್. ಆಫ್‌ಸೆಟ್ ಮೂಲಕ್ಕಿಂತ ತುಂಬಾ ಕಡಿಮೆ ಮಾಡಿದರೆ ರಸ್ತೆಯ ಪ್ರತಿ ಗುಂಡಿಯೂ ಸ್ಟೀರಿಂಗನ್ನು ಎಳೆಯುತ್ತದೆ, ಪವರ್ ಸ್ಟೀರಿಂಗ್ ಇಲ್ಲದ ಗಾಡಿಯಲ್ಲಿ ಪಾರ್ಕ್ ಮಾಡುವಾಗ ತೋಳು ಸೋಲುತ್ತದೆ.

ಸ್ಟೆಪ್ನಿ ಮರೆಯಬೇಡಿ

ಇದನ್ನು ಎಲ್ಲರೂ ಕೊನೆಗೆ ನೆನಪಿಸಿಕೊಳ್ಳುತ್ತಾರೆ. ವ್ಯಾಗನ್‌ನಲ್ಲಿ ಸ್ಟೆಪ್ನಿ ನೆಲದ ಕೆಳಗಿನ ಗುಳಿಯಲ್ಲೋ, ಹಿಂದಿನ ಮಡ್‌ಗಾರ್ಡಿನ ಒಳಪಕ್ಕದಲ್ಲೋ ಇರುತ್ತದೆ. ಆ ಗುಳಿ ಮಾಡಿರುವುದು ಹಳೆಯ ಅಗಲಕ್ಕೆ. 195ರ ಬದಲು 225 ತಗೊಂಡರೆ ಮೇಲಿನ ಹಲಗೆ ಮುಚ್ಚುವುದಿಲ್ಲ, ಸಾಮಾನಿನ ನೆಲ ಉಬ್ಬುತ್ತದೆ. ಹಳೆಯ ರಿಮ್ಮನ್ನೇ ಸ್ಟೆಪ್ನಿಯಾಗಿ ಇಟ್ಟುಕೊಳ್ಳಬಹುದು, ಆದರೆ ಅದರ ಟೈರಿನ ಎತ್ತರ ಹೊಸದಕ್ಕೆ ಸಮ ಇರಲಿ, ಹಳೆಯ ಬೋಲ್ಟ್‌ಗಳೂ ಅದರ ಜೊತೆ ಒಂದು ಚೀಲದಲ್ಲಿ ಇರಲಿ. ನಾಲ್ಕೂ ಚಕ್ರ ಎಳೆಯುವ ವ್ಯಾಗನ್ ಆದರೆ ನಾಲ್ಕೂ ಟೈರಿನ ಎತ್ತರ ಒಂದೇ ಇರಬೇಕು. ಒಂದು ಹೊಸದು, ಮೂರು ಸವೆದವು ಆದರೂ ಡ್ರೈವ್ ಹಾಳಾಗಬಹುದು.

ಟೈರ್ ಕೊಳ್ಳುವಾಗ

ರಿಮ್ ಕೊಳ್ಳುವ ಮೊದಲು ಆ ಸೈಜಿನ ಟೈರ್ ಎಷ್ಟು ಕಂಪನಿಗಳಲ್ಲಿ ಸಿಗುತ್ತದೆ ಅಂತ ನೋಡಿ. 205/55 ಆರ್16 ಎಲ್ಲ ಕಡೆ ಸಿಗುವ ಸೈಜ್. 14 ಇಂಚಿನ 70ರ ಟೈರ್‌ಗಳ ಆಯ್ಕೆ ಕಡಿಮೆ ಆಗುತ್ತಾ ಬಂದಿದೆ. ಒಂದು ಇಂಚು ಏರಿಸೋಕೆ ನನ್ನ ಮಟ್ಟಿಗೆ ಇದೇ ದೊಡ್ಡ ಕಾರಣ.

ಟೈರಿನ ಪಕ್ಕದಲ್ಲಿ ಡಾಟ್ (DOT) ಅಂತ ಶುರುವಾಗುವ ಅಕ್ಷರಗಳ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನ ಟೈರ್, ಗ್ರಿಪ್ ಎಷ್ಟೇ ಹೊಸದಾಗಿ ಕಂಡರೂ ಬಿಸಾಕಿ. ಹಳೆಯ ಗಾಡಿಗಳು ಕಡಿಮೆ ಓಡುತ್ತವೆ, ಹಾಗಾಗಿ ಟೈರ್ ಸವೆಯುವ ಮೊದಲೇ ಮುದಿಯಾಗುತ್ತದೆ. 6 ವರ್ಷ ಆದ ಮೇಲೆ ಪ್ರತಿ ವರ್ಷ ಬಿರುಕು ನೋಡಿ, 10 ಆದ ಮೇಲೆ ನೋಡುವ ಮಾತೇ ಇಲ್ಲ, ಬದಲಿಸಿ.

ಹಾಕಿದ ಮೇಲೆ

ಹಬ್ ಮುಖದ ತುಕ್ಕನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ ತೆಗೆದು ವೀಲ್ ಕೂರಿಸಿ. ನಟ್‌ಗಳನ್ನು ಮೊದಲು ಕೈಯಲ್ಲಿ, ಆಮೇಲೆ ಎದುರುಬದುರಾಗಿ ಟಾರ್ಕ್ ರೆಂಚ್‌ನಲ್ಲಿ ಕೈಪಿಡಿ ಹೇಳಿದಷ್ಟು ಬಿಗಿ ಮಾಡಿ. 80ರಿಂದ 100 ಕಿ.ಮೀ. ಓಡಿಸಿ ಮತ್ತೆ ಬಿಗಿ ನೋಡಿ. ಹೊಸ ಅಲಾಯ್ ಸ್ವಲ್ಪ ಕೂರುತ್ತದೆ.

ಗಾಳಿಯನ್ನು ಟೈರ್ ತಣ್ಣಗಿದ್ದಾಗ ಹಾಕಿ. ಕೈಪಿಡಿಯ ಸಂಖ್ಯೆ ಹಳೆಯ ಟೈರಿನದು, ಅದರಿಂದ ಶುರು ಮಾಡಿ, ಆದರೆ ಹೊಸ ಟೈರಿನ ಕಂಪನಿ ಕೊಡುವ ಭಾರ ಮತ್ತು ಒತ್ತಡದ ಪಟ್ಟಿಯಲ್ಲಿ ನಿಮ್ಮ 590 ಕೆ.ಜಿ.ಗೆ ಎಷ್ಟು ಬೇಕು ಅಂತ ನೋಡಿ ಅದಕ್ಕಿಂತ ಕಡಿಮೆ ಇಡಬೇಡಿ. ಖಾಲಿಗೆ ಒಂದು, ತುಂಬಿದ್ದಕ್ಕೆ ಒಂದು, ಎರಡು ಸಂಖ್ಯೆ ಇರಲಿ. ಟೈರಿಗೆ ಅಡ್ಡಲಾಗಿ ಸೀಮೆಸುಣ್ಣದ ಗೆರೆ ಎಳೆದು ನೇರ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ. ಮಧ್ಯೆ ಮಾತ್ರ ಅಳಿಸಿದ್ದರೆ ಗಾಳಿ ಜಾಸ್ತಿ, ಅಂಚು ಮಾತ್ರ ಅಳಿಸಿದ್ದರೆ ಕಡಿಮೆ.

ಮೊದಲ ದೂರದ ಪ್ರಯಾಣಕ್ಕೆ ಆ ಕ್ಲೇ ಉಂಡೆಗಳನ್ನು ತೆಗೆಯದೆ ಹಾಗೇ ಹೋಗಿ. ವಾಪಸ್ ಬಂದು ಒಂದೊಂದನ್ನೇ ಬಿಡಿಸಿ ದಪ್ಪ ಅಳೆಯಿರಿ. ಇಟಿ35ರ ವೀಲ್ ಹಾಕಿ ಬಂದಾಗ ನನ್ನ ಗಾಡಿಯ ಐದೂ ಉಂಡೆ ಅಂಟಿಸಿದ ಹಾಗೇ ದುಂಡಗಿದ್ದವು, ನನ್ನ ಹೆಬ್ಬೆರಳಿನ ಗುರುತೂ ಅಳಿಸಿರಲಿಲ್ಲ. ಅವತ್ತೇ ಟೈರ್ ಸೈಜ್, ಆಫ್‌ಸೆಟ್, ಬೋಲ್ಟ್ ಉದ್ದ, ಎರಡು ಗಾಳಿಯ ಸಂಖ್ಯೆ ಎಲ್ಲವನ್ನೂ ಒಂದು ಕಾರ್ಡಿನಲ್ಲಿ ಬರೆದು ಹಿಂಬಾಗಿಲ ಒಳಗೆ, ಸ್ಟೆಪ್ನಿ ಮುಚ್ಚಳದ ಮೇಲೆ ಅಂಟಿಸಿದೆ.